ಬಿತ್ತನೆ ಹೊತ್ತಿಗೇ ಬರುವ ಕಾಲೇಜು ಫೀ

"ಹೆಸರು ಬರ್ಲಿ ತಡೀರಿ ಸರ, ಒಂದೇ ಸಲ ತುಂಬ್ತೀವಿ."

ರೋಣ ತಾಲೂಕಿನ ಒಬ್ಬ ತಂದೆ ಕಾಲೇಜಿನ ಆಫೀಸಿನಲ್ಲಿ ಹೀಗೆ ಹೇಳಿದಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಅವರ ಹೊಲದಲ್ಲಿ ಹೆಸರು ಬಿತ್ತಿ ಆಗ ಹದಿನೈದು ದಿನ ಆಗಿತ್ತು. ಕಾಳು ಕೈಗೆ ಬರುವುದು ಆಗಸ್ಟ್ ಕೊನೆಗೆ. ಫೀ ತುಂಬಲು ಇದ್ದ ಗಡುವು ಬರುವ ಶನಿವಾರ. ಮಗಳು ಪಿಯುಸಿ ವಿಜ್ಞಾನದಲ್ಲಿ ಫಸ್ಟ್ ಕ್ಲಾಸ್ ಪಾಸಾಗಿದ್ದಳು, ಬಿ.ಎಸ್ಸಿ. ಮಾಡಬೇಕು ಅಂತ ಬಂದಿದ್ದಳು. ಆಫೀಸಿನವರು ಕೆಟ್ಟವರೇನಲ್ಲ, ಅವರಿಗೂ ಮೇಲಿನಿಂದ ತಾರೀಕು ಬಂದಿತ್ತು. ಆದರೆ ಆ ತಂದೆ ಹೇಳಿದ ಮಾತಿನಲ್ಲಿ ನಮ್ಮ ಕಡೆಯ ಇಡೀ ಸಮಸ್ಯೆ ಇದೆ ಅಂತ ನನಗೆ ಅವತ್ತು ಅನ್ನಿಸಿತು, ಇವತ್ತಿಗೂ ಅನ್ನಿಸುತ್ತದೆ.

ಮಕ್ಕಳು ಕಾಲೇಜು ಮುಟ್ಟದೆ ಉಳಿಯುವುದಕ್ಕೆ ಬಡತನ ಕಾರಣ ಅಂತ ನಾವು ಸುಮ್ನೆ ಹೇಳಿಬಿಡುತ್ತೇವೆ. ಬಡತನ ಇದೆ, ನಿಜ. ಆದರೆ ಅದೇ ಮನೆಯಲ್ಲಿ ಫೆಬ್ರವರಿಯಲ್ಲಿ ಇರುವ ದುಡ್ಡು ಜೂನ್‌ನಲ್ಲಿ ಇರುವುದಿಲ್ಲ ಅನ್ನೋದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಗದಗ, ನರಗುಂದ, ನವಲಗುಂದದ ಎರೆಭೂಮಿಯಲ್ಲಿ ಕಡಲೆ, ಬಿಳಿಜೋಳ ಒಕ್ಕಣೆ ಆಗುವುದು ಫೆಬ್ರವರಿ, ಮಾರ್ಚ್ ಹೊತ್ತಿಗೆ. ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ಚೀಲ ಸಾಲುಗಟ್ಟಿ ಬರುವುದೂ ಜನವರಿಯಿಂದ ಮಾರ್ಚ್ ಒಳಗೆ. ಆಗ ಹಳೆ ಸಾಲ ತೀರುತ್ತದೆ, ಮದುವೆ ಆಗುತ್ತದೆ, ಜಾತ್ರೆ ಆಗುತ್ತದೆ. ಜೂನ್ ಬಂತೆಂದರೆ ಕೈಯಲ್ಲಿದ್ದಷ್ಟೂ ಬೀಜ ಗೊಬ್ಬರಕ್ಕೆ ಹೋಗುತ್ತದೆ. ಕಾಲೇಜು ಫೀ ಕೇಳುವುದು ಸರಿಯಾಗಿ ಆಗಲೇ. ಕೂಲಿ ಮನೆಗಳ ಕತೆ ಇನ್ನೊಂದು ಥರ. ಗದಗ ಜಿಲ್ಲೆಯಿಂದ ಎಷ್ಟೋ ಮಂದಿ ಗೋವಾ, ಮಂಗಳೂರು ಕಡೆ ಕಟ್ಟಡ ಕೆಲಸಕ್ಕೆ ದುಡಿಯಲು ಹೋಗುತ್ತಾರೆ. ಮಳೆ ಹಿಡಿದರೆ ಅಲ್ಲಿ ಕೆಲಸ ಕಡಿಮೆ, ಅದೂ ಜೂನ್ ತಿಂಗಳೇ. ಅಂದರೆ ಹೊಲ ಇದ್ದವರಿಗೂ ಇಲ್ಲದವರಿಗೂ ವರ್ಷದಲ್ಲಿ ಅತಿ ಕಷ್ಟದ ತಿಂಗಳು ಯಾವುದೋ, ಅದೇ ತಿಂಗಳಲ್ಲಿ ಮಗುವಿನ ಮುಂದಿನ ಬದುಕು ತೀರ್ಮಾನ ಆಗುತ್ತದೆ.

ಕಾಲೇಜು ಕಡಿಮೆ ಇವೆಯಾ ಅಂದರೆ ಅದೂ ಇಲ್ಲ. ಕೇಂದ್ರ ಸರ್ಕಾರದ 2021-22ರ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 18ರಿಂದ 23 ವಯಸ್ಸಿನ ಪ್ರತಿ ಲಕ್ಷ ಜನಕ್ಕೆ 66 ಕಾಲೇಜುಗಳಿವೆ, ದೇಶದಲ್ಲೇ ಜಾಸ್ತಿ. ಆದರೂ ಅದೇ ವಯಸ್ಸಿನವರಿಗೆ ಹೋಲಿಸಿದರೆ ಕಾಲೇಜಿಗೆ ದಾಖಲಾದವರ ಪ್ರಮಾಣ ಶೇ. 36.2. ದೇಶದ ಸರಾಸರಿ 28.4ಕ್ಕಿಂತ ಮೇಲೆ ಅಂತ ಸಮಾಧಾನ ಮಾಡಿಕೊಳ್ಳಬಹುದು. ಆದರೆ ಹೆಚ್ಚುಕಡಿಮೆ ಮೂವರಲ್ಲಿ ಇಬ್ಬರು ಹೊರಗೇ ಇದ್ದಾರೆ ಅಂತಲೂ ಅದರ ಅರ್ಥ ಅಲ್ವಾ? ಧಾರವಾಡದಲ್ಲಿ ನಿಂತು ಈ ಮಾತು ಹೇಳುವಾಗ ಹೊಟ್ಟೆ ಉರಿಯುತ್ತದೆ. ಇಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಇದೆ, ಕೃಷಿ ವಿಶ್ವವಿದ್ಯಾಲಯ ಇದೆ, 2016ರಿಂದ ಐಐಟಿ ಕೂಡ ಇದೆ. ಹುಬ್ಬಳ್ಳಿಯಲ್ಲಿ ಕಾನೂನು ವಿಶ್ವವಿದ್ಯಾಲಯ, ಗದಗಿನಲ್ಲಿ ಗ್ರಾಮೀಣಾಭಿವೃದ್ಧಿ ವಿಶ್ವವಿದ್ಯಾಲಯ, ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯ. ಇವುಗಳಿಂದ ಬಸ್ಸಿನಲ್ಲಿ ಎರಡು ತಾಸು ದೂರದ ಹಳ್ಳಿಯ ಹುಡುಗ ಪಿಯುಸಿ ಮುಗಿಸಿ ಗ್ಯಾರೇಜು ಸೇರುತ್ತಾನೆ.

"ಸ್ಕಾಲರ್‌ಶಿಪ್ ಇದೆಯಲ್ಲ" ಅಂತ ಎಲ್ಲರೂ ಕೇಳುತ್ತಾರೆ. ಇದೆ. ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್ ಇದೆ. ಪರಿಶಿಷ್ಟ ಜಾತಿ, ಪಂಗಡದ ಮಕ್ಕಳಿಗೆ ವರ್ಷದ ಆದಾಯ 2.5 ಲಕ್ಷದ ಒಳಗಿದ್ದರೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಇದೆ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ವಿದ್ಯಾಸಿರಿ ಇದೆ, ತಿಂಗಳಿಗೆ 1,500 ರೂಪಾಯಿಯಂತೆ 10 ತಿಂಗಳು. 2021ರಲ್ಲಿ ರೈತರ ಮಕ್ಕಳಿಗೆ ಅಂತ ರೈತ ವಿದ್ಯಾನಿಧಿ ಶುರುವಾಯಿತು, ಪದವಿ ಓದುವ ಹುಡುಗರಿಗೆ 5,000, ಹುಡುಗಿಯರಿಗೆ 5,500. ಇವೆಲ್ಲ ಒಳ್ಳೆಯ ಯೋಜನೆಗಳು, ಇವುಗಳಿಂದ ಓದಿದವರನ್ನು ನಾನು ನೋಡಿದ್ದೇನೆ. ಆದರೆ ಇವು ಬರುವ ಹೊತ್ತನ್ನು ನೋಡಿ. ಎಸ್‌ಎಸ್‌ಪಿಯಲ್ಲಿ ಅರ್ಜಿ ಹಾಕಬೇಕಾದರೆ ಮೊದಲು ಕಾಲೇಜು ಸೇರಿರಬೇಕು, ನೋಂದಣಿ ಸಂಖ್ಯೆ ಸಿಕ್ಕಿರಬೇಕು. ಆಮೇಲೆ ಕಾಲೇಜಿನ ಪರಿಶೀಲನೆ, ಇಲಾಖೆಯ ಪರಿಶೀಲನೆ, ಕೊನೆಗೆ ಆಧಾರ್ ಜೋಡಿಸಿದ ಬ್ಯಾಂಕ್ ಖಾತೆಗೆ ಹಣ. ಎಲ್ಲ ಸರಿಯಾಗಿ ನಡೆದರೂ ತಿಂಗಳುಗಳೇ ಹಿಡಿಯುತ್ತವೆ. ಒಳಗೆ ಹೋದವರಿಗೆ ಸಿಗುವ ಹಣ ಅದು, ಬಾಗಿಲಲ್ಲಿ ನಿಂತವರ ಕೈಗೆ ಬರುವುದಿಲ್ಲ.

ಎಲ್ಲ ಸರಿಯಾಗಿ ನಡೆಯುವುದೂ ಅಪರೂಪ. ನಮ್ಮ ಕಡೆ ಆಧಾರ್ ಕಾರ್ಡಿನಲ್ಲಿ ಅಡ್ಡಹೆಸರು ಇರುತ್ತದೆ, ಮಾರ್ಕ್ಸ್ ಕಾರ್ಡಿನಲ್ಲಿ ತಂದೆ ಹೆಸರು ಇರುತ್ತದೆ, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಇನ್ನೇನೋ. ಶಾಲೆಗೆ ಸೇರಿಸುವಾಗ ಅಜ್ಜಿ ಹೇಳಿದ ಹೆಸರು ಶಾಂತವ್ವ, ಮುಂದೆ ಅದು ಶಾಂತಾ ಆಗಿರುತ್ತದೆ. ಕಂಪ್ಯೂಟರಿಗೆ ಇಬ್ಬರೂ ಬೇರೆ ಬೇರೆ. ಹೊಲ ಇನ್ನೂ ಅಜ್ಜನ ಹೆಸರಿನಲ್ಲೇ ಇದ್ದರೆ, ತಂದೆ ಹೆಸರಿನಲ್ಲಿ ರೈತ ಅಂತ ದಾಖಲೆ ಇರುವುದಿಲ್ಲ. ಮೂವತ್ತು ವರ್ಷ ನೇಗಿಲು ಹಿಡಿದವನು ಕಾಗದದಲ್ಲಿ ರೈತ ಅಲ್ಲ. ಇದನ್ನು ಸರಿ ಮಾಡಿಸಲು ನಾಡಕಚೇರಿಗೆ ಒಂದು ದಿನ, ಆಧಾರ್ ಕೇಂದ್ರಕ್ಕೆ ಒಂದು ದಿನ, ಬ್ಯಾಂಕಿಗೆ ಒಂದು ದಿನ. ಕೂಲಿ ಮಾಡುವವರಿಗೆ ಅದು ಮೂರು ದಿನದ ಪಗಾರ.

ಹಾಗಾಗಿ ಊರಿನವರು ಕೂಡಿ ಮಾಡಬೇಕಾದ ಕೆಲಸ ಎಲ್ಲಿದೆ ಅಂದರೆ, ಸರ್ಕಾರದ ದುಡ್ಡು ಬರುವ ಮುಂಚಿನ ಆ ನಾಲ್ಕೈದು ತಿಂಗಳಲ್ಲಿದೆ. ಪೂರ್ತಿ ಓದಿನ ಖರ್ಚನ್ನು ಯಾರೂ ಹೊರಬೇಕಾಗಿಲ್ಲ. ಆ ಹೊತ್ತಿಗೆ ಹತ್ತು ಹನ್ನೆರಡು ಸಾವಿರ ಸಿಕ್ಕರೆ ಎಷ್ಟೋ ಮಕ್ಕಳು ದಾಟುತ್ತಾರೆ.

ನಮಗೆ ಇದು ಹೊಸದೂ ಅಲ್ಲ. ಈ ನೆಲದಲ್ಲಿ ಕಾಲೇಜು ಹುಟ್ಟಿದ್ದೇ ಪಟ್ಟಿ ಹಾಕಿ, ಅಂದರೆ ಜನರಿಂದ ವಂತಿಗೆ ಕೂಡಿಸಿ. 1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ಶುರುವಾಗುವ ತನಕ ಈ ಕಡೆಯ ಹುಡುಗರು ಪುಣೆಗೋ ಮುಂಬೈಗೋ ಹೋಗಬೇಕಿತ್ತು. ಆ ಕಾಲೇಜಿಗಾಗಿ ಅರಟಾಳ ರುದ್ರಗೌಡರು, ರೊದ್ದ ಶ್ರೀನಿವಾಸರಾಯರಂಥ ಹಿರಿಯರು ಓಡಾಡಿದರು. ಅದಕ್ಕೆ ಒಂದು ವರ್ಷ ಮುಂಚೆ, 1916ರಲ್ಲಿ, ಬೆಳಗಾವಿಯಲ್ಲಿ ಏಳು ಜನ ಮಾಸ್ತರರು ಸೇರಿ ಕೆಎಲ್‌ಇ ಸಂಸ್ಥೆ ಕಟ್ಟಿದರು. ಶಿರಸಂಗಿ ಲಿಂಗರಾಜ ದೇಸಾಯಿಯವರು ತಮ್ಮ ಆಸ್ತಿಯನ್ನು ಮಕ್ಕಳ ಓದಿಗೆ ಬರೆದಿಟ್ಟು 1906ರಲ್ಲಿ ತೀರಿಕೊಂಡರು. ಹುಬ್ಬಳ್ಳಿಯಲ್ಲಿ 1947ರಲ್ಲಿ ಶುರುವಾದ ಎಂಜಿನಿಯರಿಂಗ್ ಕಾಲೇಜಿಗೆ ಭೂಮರಡ್ಡಿಯವರ ಹೆಸರು ಬಂದದ್ದು ಅವರು ಕೊಟ್ಟ ದೇಣಿಗೆಯಿಂದ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು, ಅಂಧ ಮಕ್ಕಳಿಗೆ ಅನ್ನ ಹಾಕಿ ಸಂಗೀತ ಕಲಿಸಿದ್ದು ಊರೂರಿನ ಜನ ಕೊಟ್ಟ ಕಾಳುಕಡಿ, ಕಾಣಿಕೆಯ ಬಲದಿಂದ. ಇನ್ನೊಂದು ಸಂಗತಿ ನಮ್ಮವರೇ ಮರೆತಿದ್ದಾರೆ. ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ್ದು ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ. ಸಾಹುಕಾರನ ಬಡ್ಡಿಗೆ ಸಿಕ್ಕಿ ಬೀಳದೆ ಬಿತ್ತನೆ ಹೊತ್ತಿಗೆ ರೈತನ ಕೈಗೆ ದುಡ್ಡು ಸಿಗಬೇಕು, ಬೆಳೆ ಬಂದ ಮೇಲೆ ಅವನು ತಿರುಗಿ ತುಂಬಬೇಕು, ಆ ದುಡ್ಡು ಇನ್ನೊಬ್ಬನಿಗೆ ಹೋಗಬೇಕು. ಬೀಜದ ಜಾಗದಲ್ಲಿ ಕಾಲೇಜು ಫೀ ಇಟ್ಟು ನೋಡಿ, ನಾನು ಹೇಳುತ್ತಿರುವುದು ಅದನ್ನೇ.

ಹಳೆಯದನ್ನು ಹೊಗಳುವಾಗ ಒಂದು ಮಾತು ಮುಚ್ಚಿಡಬಾರದು. ವಾರಾನ್ನ ಇತ್ತು, ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ ಅಂತ ಉಂಡು ಓದಿದವರ ಕತೆ ಧಾರವಾಡದ ಎಷ್ಟೋ ಮನೆಗಳಲ್ಲಿ ಇವತ್ತಿಗೂ ಹೇಳುತ್ತಾರೆ. ಆದರೆ ಆ ಅಡುಗೆಮನೆ ಬಾಗಿಲು ಎಲ್ಲ ಜಾತಿಯ ಹುಡುಗರಿಗೂ ತೆರೆದಿರಲಿಲ್ಲ. ಅಂಬೇಡ್ಕರರು 1929ರ ಸುಮಾರಿಗೆ ಧಾರವಾಡದಲ್ಲಿ ದಲಿತ ಹುಡುಗರಿಗೆ ಅಂತಲೇ ಬೋರ್ಡಿಂಗ್ ತೆರೆಸಬೇಕಾಗಿ ಬಂದದ್ದು ಸುಮ್ನೆ ಅಲ್ಲ. ಹುಡುಗಿಯರಂತೂ ವಾರಾನ್ನದ ಲೆಕ್ಕದಲ್ಲೇ ಇರಲಿಲ್ಲ. ಇವತ್ತು ಒಂದೊಂದು ಸಮಾಜದವರು ತಮ್ಮ ತಮ್ಮ ಮಕ್ಕಳಿಗೆ ನಿಧಿ ಮಾಡಿಕೊಂಡಿದ್ದಾರೆ, ಅದರಿಂದ ಸಹಾಯ ಆಗಿದೆ. ಆದರೆ ಊರಿನಲ್ಲಿ ನಾಲ್ಕೇ ಮನೆ ಇರುವ ಸಮಾಜದ ಮಗು ಯಾವ ನಿಧಿಗೆ ಹೋಗಬೇಕು? ಅದಕ್ಕೇ ಪಟ್ಟಿ ಊರಿನದಾಗಬೇಕು, ಓಣಿಯದಾಗಬೇಕು, ಇಲ್ಲ ಹಳೆಯ ವಿದ್ಯಾರ್ಥಿಗಳದ್ದಾಗಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ.

ಈಗ ನಾವು ದುಡ್ಡನ್ನು ಎಲ್ಲಿ ಹಾಕುತ್ತಿದ್ದೇವೆ ನೋಡೋಣ. ಪ್ರತಿಭಾ ಪುರಸ್ಕಾರ. ಪ್ರತಿ ವರ್ಷ ಫಲಿತಾಂಶ ಬಂದ ಮೇಲೆ ಊರೂರಿನಲ್ಲಿ ನಡೆಯುತ್ತದೆ. ಶೇ. 95 ತೆಗೆದ ಮಗುವಿಗೆ ಶಾಲು, ಹಾರ, ನೆನಪಿನ ಕಾಣಿಕೆ, ಒಂದು ಲಕೋಟೆ. ಪೆಂಡಾಲು, ಮೈಕು, ಊಟ, ಬಂದ ಅತಿಥಿಗಳ ಸತ್ಕಾರ ಎಲ್ಲ ಸೇರಿಸಿದರೆ ಮಕ್ಕಳ ಕೈಗೆ ಹೋಗುವ ದುಡ್ಡಿಗಿಂತ ಜಾಸ್ತಿ ಖರ್ಚು ಅಲ್ಲೇ ಆಗಿರುತ್ತದೆ. ಶೇ. 95ರ ಮಗುವನ್ನು ಮೆಚ್ಚಬೇಡಿ ಅಂತ ನಾನು ಹೇಳುತ್ತಿಲ್ಲ. ಆ ಮಗುವಿಗೆ ಫೀ ಬಿಟ್ಟುಕೊಡುವ ಕಾಲೇಜು ಸಿಗುತ್ತದೆ, ಫೌಂಡೇಶನ್‌ಗಳು ಸಿಗುತ್ತವೆ, ಮಠದ ಹಾಸ್ಟೆಲ್ ಸಿಗುತ್ತದೆ. ಶೇ. 62 ತೆಗೆದ ಹುಡುಗಿಯನ್ನು ವೇದಿಕೆಗೆ ಯಾರೂ ಕರೆಯುವುದಿಲ್ಲ. ಬೆಳಗ್ಗೆ ಎದ್ದು ದನಕರುಗಳ ಕೆಲಸ ಮುಗಿಸಿ, ಬಸ್ಸು ಹಿಡಿದು, ಟ್ಯೂಷನ್ ಇಲ್ಲದೆ ತೆಗೆದ 62 ಅದು. ಅಕ್ಟೋಬರ್ ಹೊತ್ತಿಗೆ ಅವಳಿಗೆ ಗಂಡು ನೋಡಲು ಶುರು ಮಾಡುತ್ತಾರೆ. ಕೈತಪ್ಪಿ ಹೋಗುತ್ತಿರುವವರು ಇವರು. ದುಡ್ಡು ಇವರಿಗೆ ಹೋಗಬೇಕು, ಸಭೆ ಇಲ್ಲದೆ ಹೋಗಬೇಕು, ಜೂನ್‌ನಲ್ಲೇ ಹೋಗಬೇಕು.

ನಾವು ಆರು ಜನ ಗೆಳೆಯರು ಕೆಲವು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇವೆ. ಸಂಸ್ಥೆ ಅಲ್ಲ, ಹೆಸರೂ ಇಲ್ಲ, ಲೆಕ್ಕ ಬರೆಯುವ ಒಂದು ವಹಿ ಇದೆ ಅಷ್ಟೇ. ಮೊದಲ ವರ್ಷ ನಾವೂ ಎಲ್ಲರ ಹಾಗೆ ಜೂನ್‌ನಲ್ಲೇ ಪಟ್ಟಿ ಹಿಡಿದು ಹೊರಟೆವು, ಬರಿಗೈಯಲ್ಲಿ ಬಂದೆವು. ಕೊಡಬಾರದು ಅಂತ ಯಾರಿಗೂ ಇರಲಿಲ್ಲ, ಕೊಡಲು ಅವರ ಕೈಯಲ್ಲೂ ಇರಲಿಲ್ಲ. ಮರುವರ್ಷ ಸುಗ್ಗಿಯಲ್ಲಿ ಹೋದೆವು. ರೊಕ್ಕ ಕೊಡದವರು ಅರ್ಧ ಚೀಲ ಕಡಲೆ ಕೊಟ್ಟರು. ಒಬ್ಬ ಅಜ್ಜಿ ಎರಡು ಸೇರು ಜೋಳ ತಂದು ಸುರಿದು, "ನಮ್ಮ ಮೊಮ್ಮಗಳು ಓದಲಿಲ್ಲ, ಯಾರರ ಓದ್ಲಿ ತಗೋರಿ" ಅಂದರು. ಕಾಳು ಎಲ್ಲ ಕೂಡಿಸಿ ಎಪಿಎಂಸಿಯಲ್ಲಿ ಮಾರಿ ಬ್ಯಾಂಕಿನಲ್ಲಿ ಇಟ್ಟೆವು. ಜೂನ್ ಬಂದಾಗ ಕೈಯಲ್ಲಿ ದುಡ್ಡು ಇತ್ತು. ಇಷ್ಟು ಸಣ್ಣ ವಿಷಯ ತಿಳಿಯಲು ನಮಗೆ ಒಂದು ವರ್ಷ ಬೇಕಾಯಿತು, ಆ ವರ್ಷ ಇಬ್ಬರು ಮಕ್ಕಳು ತಪ್ಪಿಹೋದರು.

ಲೆಕ್ಕ ಬಹಳ ದೊಡ್ಡದಲ್ಲ. 40 ಮನೆಯವರು ತಿಂಗಳಿಗೆ 100 ರೂಪಾಯಿ ಕೊಟ್ಟರೆ ವರ್ಷಕ್ಕೆ 48,000. ಒಂದು ಮಗುವಿಗೆ 12,000 ಅಂದರೆ ನಾಲ್ಕು ಮಕ್ಕಳು. ಬೆಂಗಳೂರು ಸೇರಿದ ಊರಿನ ಹುಡುಗರು ನಾಲ್ಕು ಜನ ಸೇರಿಕೊಂಡರೆ ಇದು ಇನ್ನೂ ಹೆಚ್ಚಾಗುತ್ತದೆ. ನಮ್ಮಲ್ಲಿ ಮದುವೆಗೆ ಹೋದರೆ ಆಯಾರ ಮಾಡುತ್ತೇವೆ, ಯಾರು ಎಷ್ಟು ಕೊಟ್ಟರು ಅಂತ ವಹಿಯಲ್ಲಿ ಬರೆದಿಟ್ಟು, ಅವರ ಮನೆ ಮದುವೆಯಲ್ಲಿ ತಿರುಗಿ ಮಾಡುತ್ತೇವೆ. ಈ ರೂಢಿ ಎಲ್ಲರಿಗೂ ರಕ್ತದಲ್ಲಿದೆ. ಮಕ್ಕಳಿಗೆ ಕೊಡುವಾಗಲೂ ನಾವು ಇದನ್ನೇ ಹೇಳುತ್ತೇವೆ: ಇದು ದಾನ ಅಲ್ಲ, ಬಡ್ಡಿ ಸಾಲವೂ ಅಲ್ಲ, ಸ್ಕಾಲರ್‌ಶಿಪ್ ಬಂದಾಗ ಆದಷ್ಟು ತಿರುಗಿ ಹಾಕು, ಇನ್ನೊಬ್ಬರಿಗೆ ಹೋಗುತ್ತದೆ. ಎಲ್ಲರೂ ಹಾಕುವುದಿಲ್ಲ. ಸ್ಕಾಲರ್‌ಶಿಪ್ ಬರದಿದ್ದರೆ ಎಲ್ಲಿಂದ ಹಾಕಬೇಕು? ನಾವು ಕೇಳಲು ಹೋಗುವುದಿಲ್ಲ. ಆದರೂ ತಿರುಗಿ ಬಂದ ದುಡ್ಡಿನಲ್ಲೇ ಪ್ರತಿ ವರ್ಷ ಒಬ್ಬಿಬ್ಬರಿಗೆ ಹೆಚ್ಚಿಗೆ ಕೊಡಲು ಆಗುತ್ತಿದೆ.

ಜನ ದುಡ್ಡು ಕೊಡಲು ಹಿಂಜರಿಯುವುದು ಜಿಪುಣತನದಿಂದ ಅಲ್ಲ, ಲೆಕ್ಕ ಸಿಗುವುದಿಲ್ಲ ಅಂತ. ಅದಕ್ಕೆ ಇಬ್ಬರ ಸಹಿ ಇಲ್ಲದೆ ದುಡ್ಡು ತೆಗೆಯಲು ಬರದ ಹಾಗೆ ಖಾತೆ ಮಾಡಿಸಬೇಕು. ತಿಂಗಳಿಗೊಮ್ಮೆ ಬಂದದ್ದು ಹೋದದ್ದು ಫೋಟೊ ತೆಗೆದು ವಾಟ್ಸಾಪ್ ಗುಂಪಿನಲ್ಲಿ ಹಾಕಬೇಕು. ಕಾಲೇಜಿನ ಫೀ ಆದಷ್ಟು ನೇರ ಕಾಲೇಜಿಗೇ ತುಂಬಿ ರಸೀದಿ ಇಟ್ಟುಕೊಳ್ಳಬೇಕು. ಮಗುವಿನ ಹೆಸರು ಮಾತ್ರ ಗುಂಪಿನಲ್ಲಿ ಬರಬಾರದು. ವಹಿಯಲ್ಲಿ ಹೆಸರು ಇರಲಿ, ಗುಂಪಿನಲ್ಲಿ "ಬಿ.ಎಸ್ಸಿ. ಮೊದಲ ವರ್ಷ, ಒಬ್ಬ ವಿದ್ಯಾರ್ಥಿನಿ" ಅಂದರೆ ಸಾಕು. ಚೆಕ್ಕು ಕೊಟ್ಟು ಫೋಟೊ ತೆಗೆಸಿಕೊಂಡ ಹುಡುಗ ಮುಂದೆ ಅದೇ ಕಾಲೇಜಿನಲ್ಲಿ ಮೂರು ವರ್ಷ ಓದಬೇಕಲ್ಲ, ಅವನ ಜೊತೆಯವರ ಫೋನಿನಲ್ಲೆಲ್ಲ ಆ ಫೋಟೊ ಇರುತ್ತದೆ. ಆನ್‌ಲೈನಿನಲ್ಲಿ ಮಿಲಾಪ್, ಕೆಟ್ಟೊ ಥರದ ಕಡೆ ದುಡ್ಡು ಕೂಡಿಸುವವರೂ ಇದ್ದಾರೆ. ದೊಡ್ಡ ಮೊತ್ತ ಬೇಕಾದಾಗ, ಮೆಡಿಕಲ್ ಸೀಟು ಸಿಕ್ಕು ನಾಲ್ಕು ದಿನದಲ್ಲಿ ಲಕ್ಷ ಕಟ್ಟಬೇಕಾದಾಗ, ಅದು ಕೆಲಸಕ್ಕೆ ಬರುತ್ತದೆ. ಆದರೆ ಅಲ್ಲಿ ಕಣ್ಣೀರಿನ ಕತೆ ಬೇಕು, ಮುಖ ಬೇಕು. ಹಳ್ಳಿಯ ಬಿ.ಎ. ವಿದ್ಯಾರ್ಥಿಯ 8,000 ರೂಪಾಯಿ ಕತೆಗೆ ಅಲ್ಲಿ ಕೇಳುವವರು ಕಡಿಮೆ.

ಬ್ಯಾಂಕ್ ಸಾಲದ್ದೂ ಹಾಗೇ. 2024ರಲ್ಲಿ ಬಂದ ಪಿಎಂ ವಿದ್ಯಾಲಕ್ಷ್ಮಿಯಲ್ಲಿ ಜಾಮೀನು ಇಲ್ಲದೆ ಸಾಲ ಕೊಡುತ್ತಾರೆ, ಆದರೆ ಅದು ದೇಶದ ಆಯ್ದ ಸಂಸ್ಥೆಗಳಿಗೆ, ಮೊದಲ ಪಟ್ಟಿಯಲ್ಲಿ 860. ತಾಲೂಕು ಊರಿನ ಡಿಗ್ರಿ ಕಾಲೇಜಿನ ಮಗುವಿಗೆ ಅದರ ದಾರಿ ಇಲ್ಲ.

ದುಡ್ಡಿನಷ್ಟೇ ಮುಖ್ಯ ಜೊತೆಗೆ ಹೋಗುವ ಒಬ್ಬ ಮನುಷ್ಯ. ಸಿಇಟಿಯಲ್ಲಿ ಶೇ. 15 ಗ್ರಾಮೀಣ ಮೀಸಲಾತಿ ಇದೆ, ಶೇ. 5 ಕನ್ನಡ ಮಾಧ್ಯಮಕ್ಕೆ ಇದೆ. ಹಳ್ಳಿಯ ಕನ್ನಡ ಶಾಲೆಯಲ್ಲಿ ಓದಿದ ಮಗುವಿಗೆ ಎರಡೂ ಸಿಗಬೇಕು. ಆದರೆ ಶಾಲೆಯ ಸ್ಟಡಿ ಸರ್ಟಿಫಿಕೇಟಿಗೆ ಬಿಇಒ ಸಹಿ ಆಗಿರಬೇಕು, ಅದು ಗೊತ್ತಿಲ್ಲದೆ ಸಾಮಾನ್ಯ ಸೀಟಿಗೆ ನಿಂತವರನ್ನು ನೋಡಿದ್ದೇನೆ. ಮುಂಡರಗಿ ದಾಟಿ ಕೊಪ್ಪಳ ಜಿಲ್ಲೆಗೆ ಹೋದರೆ ಕಲ್ಯಾಣ ಕರ್ನಾಟಕದವರಿಗೆ ಇರುವ 371(ಜೆ) ಮೀಸಲಾತಿ ಇದೆ, ಈ ಕಡೆ ಇಲ್ಲ, ಮಳೆ ಎರಡೂ ಕಡೆ ಒಂದೇ. ಇರುವಷ್ಟನ್ನಾದರೂ ಬಿಡದೆ ಪಡೆಯಬೇಕಲ್ಲ. ಡಿಗ್ರಿ ಸೇರುವವರಿಗೆ ವಿಶ್ವವಿದ್ಯಾಲಯಗಳ ಆನ್‌ಲೈನ್ ಪೋರ್ಟಲ್ ಯುಯುಸಿಎಂಎಸ್‌ನಲ್ಲಿ ನೋಂದಣಿ, ಅದರ ಪಾಸ್‌ವರ್ಡು ಸೈಬರ್ ಸೆಂಟರಿನವನ ಹತ್ತಿರ, ಅವನ ಅಂಗಡಿ ಬಂದ್. ಇಂಥ ಕಡೆ ಒಂದು ಫೋನು ಮಾಡಿ ಕೇಳಲು ಅಕ್ಕನೋ ಅಣ್ಣನೋ ಒಬ್ಬರು ಇದ್ದರೆ ಮಗು ಉಳಿಯುತ್ತದೆ. ಅಪ್ಪ ಅವ್ವ ಗೋವಾದಲ್ಲಿ ಇದ್ದರಂತೂ ಸಹಿ ಹಾಕಲೂ ಯಾರಿಲ್ಲ.

ಸೇರಿದ ಮೇಲೆ ಮೊದಲ ಸೆಮಿಸ್ಟರ್ ಇನ್ನೊಂದು ಗಂಡಾಂತರ. ಧಾರವಾಡದ ಸಪ್ತಾಪುರದಲ್ಲಿ ರೂಮಿನ ಬಾಡಿಗೆ, ಖಾನಾವಳಿ ಊಟ ಎರಡೂ ಸೇರಿದರೆ ವಿದ್ಯಾಸಿರಿಯ 1,500 ಎಲ್ಲಿಗೂ ಮುಟ್ಟುವುದಿಲ್ಲ. ಮನೆಯಿಂದಲೇ ಓಡಾಡುವ ಹುಡುಗಿಯರಿಗೆ 2023ರಿಂದ ಶಕ್ತಿ ಯೋಜನೆಯ ಉಚಿತ ಬಸ್ಸು ನಿಜಕ್ಕೂ ದೊಡ್ಡ ಆಸರೆ ಆಗಿದೆ, ಪ್ರಾಕ್ಟಿಕಲ್ ಮುಗಿದು ಹೊರಡುವಷ್ಟರಲ್ಲಿ ಊರಿನ ಕೊನೆ ಬಸ್ಸು ಹೋಗಿರುತ್ತದೆ ಅನ್ನುವುದೊಂದು ಬಿಟ್ಟರೆ. ಕನ್ನಡದಲ್ಲಿ ಓದಿ ಬಂದವರು ಇಂಗ್ಲಿಷಿನ ಪಾಠ ಕೇಳಿ ಮೊದಲ ಇಂಟರ್ನಲ್ಸ್‌ನಲ್ಲಿ ಬಿದ್ದು, ನಮಗೆ ಇದು ಆಗುವುದಲ್ಲ ಅಂತ ಊರಿಗೆ ಹೋಗಿಬಿಡುತ್ತಾರೆ. ನಮ್ಮ ವಹಿಯಲ್ಲಿ ಕಾಲೇಜು ಬಿಟ್ಟ ಮೂವರೂ ದೀಪಾವಳಿ ರಜೆಗೆ ಹೋಗಿ ತಿರುಗಿ ಬರದವರೇ. ಈಗ ನಾವು ಹಬ್ಬದ ಮುಂಚೆ ಒಬ್ಬೊಬ್ಬರಿಗೂ ಫೋನು ಮಾಡುತ್ತೇವೆ, ರಜೆ ಮುಗಿದ ದಿನ ಮತ್ತೆ ಮಾಡುತ್ತೇವೆ.

ಸರ್ಕಾರ ಮಾಡಬೇಕಾದ್ದನ್ನು ನೀವು ಯಾಕೆ ಮಾಡುತ್ತೀರಿ ಅಂತ ಕೆಲವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಹಾಸ್ಟೆಲ್ ಸೀಟು ಹೆಚ್ಚಿಸಿ, ಸ್ಕಾಲರ್‌ಶಿಪ್‌ನ ಮೊದಲ ಕಂತನ್ನಾದರೂ ಸೇರುವ ತಿಂಗಳಲ್ಲೇ ಕೊಡಿ, ಅದು ಬರುವ ತನಕ ಬಡ ಮಕ್ಕಳಿಗೆ ಫೀ ಗಡುವು ಸಡಿಲಿಸಿ ಅಂತ ಶಾಸಕರಿಗೂ ಇಲಾಖೆಗೂ ಕೇಳುತ್ತಲೇ ಇರಬೇಕು, ನಾವು ಕೇಳುತ್ತಿದ್ದೇವೆ. ಇವುಗಳಲ್ಲಿ ಒಂದಾದರೂ ಆದರೆ ನಮ್ಮ ವಹಿಯ ಅರ್ಧ ಕೆಲಸ ಮುಗಿಯುತ್ತದೆ, ನಮಗೆ ಅದಕ್ಕಿಂತ ಸಂತೋಷ ಇಲ್ಲ. ಆದರೆ ಈ ವರ್ಷ ಪಿಯುಸಿ ಬರೆಯುತ್ತಿರುವವರು ಈ ಜೂನ್‌ನಲ್ಲೇ ಆ ಆಫೀಸಿನ ಮುಂದೆ ನಿಲ್ಲುತ್ತಾರೆ.

ರೋಣದ ಆ ಹುಡುಗಿಯ ಫೀ ಅವತ್ತು ನಾವು ತುಂಬಿದೆವು. ಸೆಪ್ಟೆಂಬರ್‌ನಲ್ಲಿ ಅವರ ತಂದೆ ಹೆಸರು ಮಾರಿದ ದುಡ್ಡಿನಲ್ಲಿ ಮೂರು ಸಾವಿರ ತಂದುಕೊಟ್ಟರು, ಉಳಿದದ್ದು ಸ್ಕಾಲರ್‌ಶಿಪ್ ಬಂದ ಮೇಲೆ ಮಗಳೇ ಹಾಕಿದಳು. ಈಗ ಅವಳು ಕೊನೆಯ ವರ್ಷದಲ್ಲಿದ್ದಾಳೆ. ಈ ಭಾನುವಾರ ನಾವು ಅವಳ ಊರಿನ ಹೈಸ್ಕೂಲಿಗೆ ಹೋಗುತ್ತಿದ್ದೇವೆ, ಹತ್ತನೆಯ ತರಗತಿಯವರ ಮತ್ತು ಆ ಊರಿನ ಪಿಯುಸಿ ಮಕ್ಕಳ ಆಧಾರ್ ಕಾರ್ಡು, ಮಾರ್ಕ್ಸ್ ಕಾರ್ಡು, ಪಾಸ್‌ಬುಕ್ಕು ಮೂರರಲ್ಲೂ ಹೆಸರು ಒಂದೇ ಇದೆಯಾ ಅಂತ ನೋಡಲು. ಪಟ್ಟಿ ಬರೆದುಕೊಳ್ಳುವ ಕೆಲಸ ಅವಳದು.